ಅರ್ಬನ್ ಡಿಸೈನ್ ಓದಿ ಪಾಠ ಮಾಡಿದರೆ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ನಾಲ್ಕನೇ ವರ್ಷ ಓದುತ್ತಿದ್ದೇನೆ. ಮುಂದೆ ಅರ್ಬನ್ ಡಿಸೈನ್‌ನಲ್ಲಿ ಎಂ.ಆರ್ಕ್ ಮಾಡಿ, ಸಂಶೋಧನೆ ಮಾಡುತ್ತಾ ಪಾಠ ಹೇಳಬೇಕು ಅನ್ನೋ ಆಸೆ. ಅಪ್ಪ ಕಂಟ್ರಾಕ್ಟರ್. "ಮನೆ ಪ್ಲಾನ್ ಹಾಕಿದ್ರೆ ಮಾಲೀಕ ದುಡ್ಡು ಕೊಡ್ತಾನೆ. ಬೀದಿಗೆ ಪ್ಲಾನ್ ಹಾಕ್ತೀನಿ ಅಂದ್ರೆ ಯಾರವ್ವಾ ಕೊಡ್ತಾರೆ?" ಅಂತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಇದೊಂದು ವೃತ್ತಿ ಹೌದೋ ಅಲ್ವೋ? ಈಗಿನಿಂದ ಏನು ಮಾಡಬೇಕು?

ಉತ್ತರ: ನಿಮ್ಮ ಅಪ್ಪನ ಪ್ರಶ್ನೆ ಸರಿಯಾಗಿಯೇ ಇದೆ. ಅದರಿಂದಲೇ ಶುರು ಮಾಡುತ್ತೇನೆ. ಮನೆಗೆ ಒಬ್ಬ ಮಾಲೀಕ ಇರುತ್ತಾನೆ, ಅಡ್ವಾನ್ಸ್ ಕೊಡುತ್ತಾನೆ. ನಿಮ್ಮೂರಿನ ಮಂಡಿಪೇಟೆಯ ಬೀದಿಗೆ ಮಾಲೀಕ ಯಾರು? ಕಾಗದದ ಮೇಲೆ ಮಹಾನಗರ ಪಾಲಿಕೆ. ಆದರೆ ಕರೆಂಟ್ ಕಂಬ ಒಂದು ಇಲಾಖೆಯದು, ನೆಲದೊಳಗಿನ ಪೈಪು ಇನ್ನೊಂದರದು. ಅಂಗಡಿ ಮುಂದಿನ ಮೂರಡಿ ಅಂಗಡಿಯವರು ತಮ್ಮದೇ ಅಂದುಕೊಂಡಿರುತ್ತಾರೆ. ಬೆಳಗ್ಗೆ ಅಲ್ಲಿ ಹಮಾಲರದ್ದೇ ರಾಜ್ಯ. ಇಷ್ಟು ಜನರ ಕೈಯಲ್ಲಿ ಹರಿದು ಹಂಚಿಹೋದ ಜಾಗಕ್ಕೆ ಒಂದು ರೂಪ ಕೊಡಲು ನೋಡುವುದೇ ಅರ್ಬನ್ ಡಿಸೈನ್. ದುಡ್ಡು ಕೊಡುವವರೂ ಇದ್ದಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಟೌನ್ ಪ್ಲಾನರ್ ಬೇರೆ, ಅರ್ಬನ್ ಡಿಸೈನರ್ ಬೇರೆ. ದೂಡಾದಂಥ (ದಾವಣಗೆರೆ ನಗರಾಭಿವೃದ್ಧಿ ಪ್ರಾಧಿಕಾರ) ಪ್ರಾಧಿಕಾರಗಳು ಮಾಸ್ಟರ್ ಪ್ಲಾನ್ ಮಾಡುತ್ತವಲ್ಲ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ, ಅದು ಪ್ಲಾನರ್ ಕೆಲಸ. ಹಳದಿ ಬಣ್ಣ ಇದ್ದಲ್ಲಿ ವಸತಿ, ನೇರಳೆ ಇದ್ದಲ್ಲಿ ಕೈಗಾರಿಕೆ ಅಂತ ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಆರ್ಕಿಟೆಕ್ಟ್ ಬರುವುದು ಸೈಟಿನ ಒಳಗೆ. 30x40 ಸೈಟಿನಲ್ಲಿ ಅಡುಗೆಮನೆ ಎಲ್ಲಿ, ಮೆಟ್ಟಿಲು ಎಲ್ಲಿ ಅಂತ ಯೋಚಿಸುತ್ತಾನೆ. ಈ ಕಡೆಯ ಕಾಂಪೌಂಡಿನಿಂದ ಆ ಕಡೆಯ ಕಾಂಪೌಂಡಿನವರೆಗೆ ಇರುವ ಜಾಗದ ಬಗ್ಗೆ ಇಬ್ಬರೂ ಸರಿಯಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಫುಟ್‌ಪಾತ್, ಮರ, ಜಗಲಿ, ಮೂಲೆ ಅಂಗಡಿ, ಬಸ್ಸಿಗೆ ಕಾಯುವವರ ನೆರಳು. ಅದೇ ನೀವು ಓದಲು ಹೊರಟಿರುವ ವಿಷಯ.

ಈ ವಿಷಯಕ್ಕೆ ವಯಸ್ಸೂ ಜಾಸ್ತಿ ಆಗಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 1956ರಲ್ಲಿ ಹೋಸೆ ಲೂಯಿಸ್ ಸರ್ಟ್ ಅನ್ನುವ ಡೀನ್ ಈ ಹೆಸರಿನಲ್ಲಿ ಒಂದು ಸಮ್ಮೇಳನ ಕರೆದರು. 1960ರಲ್ಲಿ ಅಲ್ಲೇ ಕೋರ್ಸ್ ಶುರುವಾಯಿತು. ಕೆಲಸ ಮಾತ್ರ ಹಳೆಯದು. ಚಿತ್ರದುರ್ಗದ ಕೋಟೆ ಕಟ್ಟಿದವರು ಯಾವ ಕೋರ್ಸೂ ಓದಿರಲಿಲ್ಲ.

ಇನ್ನು ವೃತ್ತಿ ಅನ್ನೋ ಮಾತಿಗೆ ಬರುತ್ತೇನೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಪಾಠ ಮಾಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಈ ಕ್ಷೇತ್ರದಲ್ಲಿ ನೆನಪಿನಲ್ಲಿ ಉಳಿದ ಮೇಷ್ಟ್ರುಗಳೆಲ್ಲ ಒಂದೊಂದು ಪ್ರಶ್ನೆಯನ್ನು ಹಿಡಿದುಕೊಂಡವರು. ಕಾಲೇಜು, ಡಿಗ್ರಿ, ಹುದ್ದೆ ಎಲ್ಲ ಆ ಪ್ರಶ್ನೆಯ ಹಿಂದೆ ಬಂದಿವೆ. ನಮ್ಮ ಹುಡುಗ ಹುಡುಗಿಯರು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಕಾಲೇಜು ಹುಡುಕುತ್ತಾರೆ, ಪ್ರಶ್ನೆಯನ್ನು ಥೀಸಿಸ್ ಸಬ್ಮಿಷನ್‌ಗೆ ಮೂರು ತಿಂಗಳು ಇರುವಾಗ ಹುಡುಕುತ್ತಾರೆ.

ಕೆವಿನ್ ಲಿಂಚ್ ಹೆಸರು ನಿಮಗೆ ಗೊತ್ತೇ ಇರುತ್ತದೆ. ಪಾತ್ (ದಾರಿ), ಎಡ್ಜ್ (ಅಂಚು), ಡಿಸ್ಟ್ರಿಕ್ಟ್ (ಪ್ರದೇಶ), ನೋಡ್ (ಜನ ಕೂಡುವ ಜಾಗ), ಲ್ಯಾಂಡ್‌ಮಾರ್ಕ್ (ಗುರುತು) ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಅವರ ಪ್ರಶ್ನೆ ಬಹಳ ಸರಳ: ಜನರ ತಲೆಯೊಳಗೆ ಅವರ ಊರು ಹೇಗೆ ಕೂತಿರುತ್ತದೆ? ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲಿಸ್ ಈ ಮೂರು ಊರುಗಳ ಜನರನ್ನು ಕೂರಿಸಿಕೊಂಡು, ನೆನಪಿನಿಂದ ನಿಮ್ಮೂರಿನ ನಕ್ಷೆ ಬರೆಯಿರಿ ಅಂದರು. ಅದರಿಂದ 1960ರಲ್ಲಿ ಒಂದು ಪುಸ್ತಕ ಬಂತು, ಇವತ್ತಿಗೂ ಎಲ್ಲ ಕಡೆ ಪಾಠಕ್ಕಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಆ ಮನುಷ್ಯನ ಹತ್ತಿರ ಇದ್ದದ್ದು 1947ರ ಒಂದು ಬ್ಯಾಚುಲರ್ ಡಿಗ್ರಿ. ಪಿ.ಎಚ್.ಡಿ. ಇರಲಿಲ್ಲ. (ಇದನ್ನು ಓದಿ ನೀವೂ ಪಿ.ಎಚ್.ಡಿ. ಬೇಡ ಅಂದುಕೊಳ್ಳಬೇಡಿ. ಆ ಕಾಲ ಹೋಯಿತು.)

ಈ ಪ್ರಯೋಗವನ್ನು ದಾವಣಗೆರೆಯಲ್ಲಿ ಮಾಡಿ ನೋಡಿ, ಮಜಾ ಇರುತ್ತದೆ. ರೈಲು ಹಳಿಯನ್ನು ಯಾರೂ ಬಿಡುವುದಿಲ್ಲ. ಅಶೋಕ ಟಾಕೀಸ್ ಹತ್ತಿರ ಗೇಟ್ ಬಿದ್ದಾಗ ಕಾದು ಕಾದು ಸುಸ್ತಾದವರಿಗೆ ಅದು ಎಡ್ಜ್ ಅಂತ ಯಾರೂ ಹೇಳಿಕೊಡಬೇಕಿಲ್ಲ. ಜಯದೇವ ಸರ್ಕಲ್ ಎಲ್ಲರ ನಕ್ಷೆಯಲ್ಲೂ ಬರುತ್ತದೆ. ಗಾಜಿನ ಮನೆ ಎಷ್ಟು ಜನರ ನಕ್ಷೆಯಲ್ಲಿ ಬರುತ್ತದೆ, ಮಂಡಕ್ಕಿ ಭಟ್ಟಿಗಳು ಎಷ್ಟು ಜನರದರಲ್ಲಿ ಬರುತ್ತವೆ? ಪಿ.ಜೆ. ಬಡಾವಣೆಯ ಕಾಲೇಜು ಹುಡುಗನ ನಕ್ಷೆಯನ್ನೂ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸಿನ ನಕ್ಷೆಯನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಒಂದೇ ಊರು ಅಂತ ನಂಬುವುದು ಕಷ್ಟ ಆಗಬಹುದು.

ನನಗೆ ಲಿಂಚ್‌ಗಿಂತ ಹತ್ತಿರದವರು ಡೊನಾಲ್ಡ್ ಆ್ಯಪಲ್‌ಯಾರ್ಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎಂ.ಐ.ಟಿ.ಯಲ್ಲಿ ಲಿಂಚ್ ಜೊತೆ ಕೆಲಸ ಮಾಡಿ, ಆಮೇಲೆ ಬರ್ಕ್ಲಿಯಲ್ಲಿ ಮೇಷ್ಟ್ರಾದವರು. ಅವರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ವಸತಿ ಬೀದಿಗಳನ್ನು ಹಿಡಿದುಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಮನೆಮನೆಗೆ ಹೋಗಿ, ಈ ಬೀದಿಯಲ್ಲಿ ನಿಮಗೆ ಸ್ನೇಹಿತರು ಎಷ್ಟು ಜನ ಅಂತ ಕೇಳಿದರು. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಸರಾಸರಿ ಮೂರು ಜನ. ಜಾಸ್ತಿ ಇದ್ದ ಬೀದಿಯಲ್ಲಿ ಒಬ್ಬರಿಗಿಂತ ಕಡಿಮೆ, 0.9. ರಸ್ತೆ ಅಗಲ ಮಾಡುವವರು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ನಷ್ಟವನ್ನು ಅಂಕಿಯಲ್ಲಿ ತೋರಿಸಿಕೊಟ್ಟರು. ಇಡೀ ಬದುಕನ್ನು ಬೀದಿಯಲ್ಲಿ ವಾಹನದ ವೇಗ ತಗ್ಗಿಸಿ ಅಂತ ಹೇಳುತ್ತಾ ಕಳೆದ ಆ ಮೇಷ್ಟ್ರು 1982ರಲ್ಲಿ ಅಥೆನ್ಸ್‌ನಲ್ಲಿ ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಈ ಸಂಗತಿ ಹೇಳಿದ ದಿನ ನನ್ನ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ.

ಸ್ನೇಹಿತರು ಎಷ್ಟು ಅನ್ನೋ ಪ್ರಶ್ನೆ ನಮ್ಮ ಕಡೆ ಹಾಗೇ ಕೇಳಿದರೆ ಜನ ನಕ್ಕಾರು. ಹೆಪ್ಪಿಗೆ ಮೊಸರು ಬೇಕಾದರೆ ರಸ್ತೆ ದಾಟಿ ಎದುರು ಮನೆಗೆ ಹೋಗುತ್ತೀರಾ ಅಂತ ಕೇಳಿ. ಪಿ.ಬಿ. ರಸ್ತೆ ಪಕ್ಕದವರನ್ನೂ ಕೇಳಿ, ಎಂ.ಸಿ.ಸಿ. ಬ್ಲಾಕಿನ ಒಳಗಿನ ಅಡ್ಡರಸ್ತೆಯವರನ್ನೂ ಕೇಳಿ. ನಿಮಗೆ ಒಂದು ಸಂಶೋಧನಾ ಲೇಖನಕ್ಕೆ ಆಗುವಷ್ಟು ಸರಕು ಎರಡು ವಾರದಲ್ಲಿ ಸಿಗುತ್ತದೆ.

ಇನ್ನೊಬ್ಬರ ಕಥೆ ಹೇಳಲೇಬೇಕು, ಯಾಕೆಂದರೆ ಅವರು ನಮ್ಮ ಸೀಮೆಯ ಸಂಬಳ ಉಂಡವರು. ಓಟೋ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ. ನಾಜಿಗಳು ಬಂದ ಮೇಲೆ ದೇಶ ಬಿಟ್ಟರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್ ಆಗಿ ಬಂದರು. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಆ ಜಿಲ್ಲೆ ಮೈಸೂರು ಸಂಸ್ಥಾನದೊಳಗಿತ್ತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳು ಇವತ್ತಿಗೂ ಇವೆ. ಬಿಸಿಲು, ಗಾಳಿ, ಕಡಿಮೆ ದುಡ್ಡು ಈ ಮೂರನ್ನು ಇಟ್ಟುಕೊಂಡು ಕಟ್ಟುವುದನ್ನು ಅವರು ಕಲಿತದ್ದು ಇಲ್ಲಿ. 1948ರಲ್ಲಿ ಭುವನೇಶ್ವರಕ್ಕೆ ನಕ್ಷೆ ಮಾಡಿದರು. ದೇಶ ಒಡೆದು ನಿರಾಶ್ರಿತರು ಬಂದಾಗ ಕೇಂದ್ರ ಸರ್ಕಾರದ ವಸತಿ ಕೆಲಸ ನೋಡಿಕೊಂಡರು. ಆಮೇಲೆ ಲಂಡನ್‌ಗೆ ಹೋಗಿ, ಉಷ್ಣ ದೇಶಗಳ ವಾಸ್ತುಶಿಲ್ಪ ಹೇಳಿಕೊಡುವ ವಿಭಾಗ ಕಟ್ಟಿದರು. ಅದೇ ಮುಂದೆ 1971ರಲ್ಲಿ ಲಂಡನ್ ಯೂನಿವರ್ಸಿಟಿ ಕಾಲೇಜಿನ ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಆಯಿತು. ಆಫ್ರಿಕಾ, ಏಷ್ಯಾದ ಎಷ್ಟೋ ಊರುಗಳ ಪ್ಲಾನರ್‌ಗಳು ಅಲ್ಲಿ ಓದಿ ಹೋದರು.

ಅವರ ಒಂದು ವಾದ ನನಗೆ ಬಹಳ ಇಷ್ಟ. ಮಾಸ್ಟರ್ ಪ್ಲಾನ್ ಬರೆದು ಮುಗಿಸುವಷ್ಟರಲ್ಲಿ ಊರು ಅದನ್ನು ದಾಟಿ ಬೆಳೆದುಬಿಟ್ಟಿರುತ್ತದೆ, ಆದ್ದರಿಂದ ಕೆಲಸ ಮಾಡುತ್ತಲೇ ನಕ್ಷೆ ತಿದ್ದುತ್ತಾ ಹೋಗಬೇಕು ಅನ್ನುವುದು. ಹೈವೇ ದಾಟಿ ಹೊಸ ಬಡಾವಣೆ ಎದ್ದಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದರೆ ಗಮನಿಸಿ: ಇವರು ಮೊದಲು ಸರ್ಕಾರಿ ನೌಕರ, ಆಮೇಲೆ ಮೇಷ್ಟ್ರು. ಲಿಂಚ್ ಬಹುಪಾಲು ಮೇಷ್ಟ್ರೇ. ನಮ್ಮವರೇ ಆದ ಕೆ.ಟಿ. ರವೀಂದ್ರನ್ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಅರ್ಬನ್ ಡಿಸೈನ್ ವಿಭಾಗ ನಡೆಸಿ, ಮುಂದೆ ದೆಹಲಿ ಅರ್ಬನ್ ಆರ್ಟ್ ಕಮಿಷನ್‌ನ ಅಧ್ಯಕ್ಷರಾದರು. ಈ ವೃತ್ತಿಗೆ ಒಂದೇ ದಾರಿ ಅಂತ ಇಲ್ಲ.

ಈಗ ದುಡ್ಡಿನ ಮಾತು. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ. ಬೀದಿಗೆ ದುಡ್ಡು ಕೊಡುವವರು ಪಾಲಿಕೆ, ಪ್ರಾಧಿಕಾರ, ಸರ್ಕಾರದ ಯೋಜನೆಗಳು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿ ಬಂದಾಗ ದಾವಣಗೆರೆ ಅದರಲ್ಲಿತ್ತು. ಕರ್ನಾಟಕದಿಂದ ಇದ್ದದ್ದು ನಿಮ್ಮೂರು ಮತ್ತು ಬೆಳಗಾವಿ, ಎರಡೇ. ಆ ಮಿಷನ್ 2025ರ ಮಾರ್ಚ್‌ಗೆ ಮುಗಿಯಿತು. ಇಂಥ ಕೆಲಸಕ್ಕೆ ಡಿ.ಪಿ.ಆರ್. (ವಿವರವಾದ ಯೋಜನಾ ವರದಿ) ಮಾಡುವ ಕನ್ಸಲ್ಟೆಂಟ್ ಆಫೀಸುಗಳಲ್ಲಿ ಅರ್ಬನ್ ಡಿಸೈನರ್‌ಗಳು ಕೂತಿರುತ್ತಾರೆ. ನಿಮ್ಮ ಅಪ್ಪನಂಥವರ ಕೈಗೆ ಟೆಂಡರ್ ಡ್ರಾಯಿಂಗ್ ಬರುವ ಮೊದಲು ಅದನ್ನು ಯಾರೋ ಬರೆದಿರಬೇಕಲ್ಲ? ಫುಟ್‌ಪಾತ್ ಎಷ್ಟಡಿ, ಚರಂಡಿ ಎಲ್ಲಿ, ಮರ ಎಲ್ಲಿ ಅಂತ. ಅದನ್ನು ಬರೆಯುವುದು ನೀವು. ಸಮಸ್ಯೆ ಏನೆಂದರೆ ಈ ಕೆಲಸ ಬಹುಪಾಲು ಬೆಂಗಳೂರು, ದೆಹಲಿಯ ಆಫೀಸುಗಳಲ್ಲಿದೆ. ದಾವಣಗೆರೆಯಲ್ಲಿ ಬೋರ್ಡ್ ಹಾಕಿ ಕೂತರೆ ಮೊದಲ ಕೆಲವು ವರ್ಷ ಮನೆ ಪ್ಲಾನೇ ಗತಿ. ಸುಳ್ಳು ಹೇಳುವುದಿಲ್ಲ.

ಪಾಠ ಮಾಡುವ ಕಡೆ ನೋಡಿದರೆ, ಯು.ಜಿ.ಸಿ. ಸ್ಕೇಲ್ ಇರುವ ಸಂಸ್ಥೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಶುರುವಿನ ಮೂಲ ವೇತನ ತಿಂಗಳಿಗೆ 57,700 ರೂಪಾಯಿ, ಭತ್ಯೆ ಬೇರೆ. ಆದರೆ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಖಾಸಗಿಯವೇ ಜಾಸ್ತಿ. ಕನ್ಸಾಲಿಡೇಟೆಡ್ ಅಂತ ಒಂದು ಮೊತ್ತ ಹೇಳುತ್ತಾರೆ, ಅದು ಸ್ಕೇಲಿನ ಅರ್ಧವೂ ಇರಬಹುದು. ನಾನು ಸೇರಿದ ಮೊದಲ ಕಾಲೇಜಿನಲ್ಲಿ ಮೂರು ತಿಂಗಳ ಸಂಬಳ ಒಟ್ಟಿಗೆ ಬಂತು, ನಾಲ್ಕನೇ ತಿಂಗಳಲ್ಲಿ. ಆಗ ಮನೆ ನಡೆದದ್ದು ಹೆಂಡತಿಯ ಕೆಲಸದಿಂದ. ಸೇರುವ ಮೊದಲು ಅಲ್ಲಿನ ಕಿರಿಯ ಮೇಷ್ಟ್ರುಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿಯಿರಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ.

ಓದಿನ ಲೆಕ್ಕ ಹೀಗಿದೆ. ಐದು ವರ್ಷದ ಬಿ.ಆರ್ಕ್ ಮುಗಿದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿ. 1972ರ ಕಾಯ್ದೆ ಆರ್ಕಿಟೆಕ್ಟ್ ಅನ್ನೋ ಪದಕ್ಕೆ ಕಾವಲು ಇಟ್ಟಿದೆ. ಅರ್ಬನ್ ಡಿಸೈನರ್ ಅನ್ನೋ ಪದಕ್ಕೆ ಅಂಥ ಕಾವಲು ಇಲ್ಲ, ಆದ್ದರಿಂದ ಆ ನೋಂದಣಿಯೇ ನಿಮ್ಮ ಆಧಾರ. ಎಂ.ಆರ್ಕ್ ಎರಡು ವರ್ಷ. ದೆಹಲಿ, ಭೋಪಾಲ್‌ನ ಎಸ್.ಪಿ.ಎ.ಗಳಲ್ಲಿ (ಮೇಲೆ ಹೇಳಿದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ಅಹಮದಾಬಾದಿನ ಸೆಪ್ಟ್‌ನಲ್ಲಿ ಅರ್ಬನ್ ಡಿಸೈನ್ ಇದೆ. ಸೆಪ್ಟ್ ಅಂದರೆ 1962ರಲ್ಲಿ ಬಿ.ವಿ. ದೋಶಿ ಶುರು ಮಾಡಿದ ಶಾಲೆಯಿಂದ ಬೆಳೆದದ್ದು. ಗೇಟ್ ಪರೀಕ್ಷೆಯ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪೇಪರ್ ಬರೆಯಿರಿ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಗೇಟ್ ಮೂಲಕ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುವ ಅವಕಾಶ ಇದೆ. ಹಾಸ್ಟೆಲ್ ಖರ್ಚಿಗಾದರೂ ಆಯಿತು. ಪಿ.ಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಅಂತ ನಿಯಮ. ಮೂರರಲ್ಲಿ ಮುಗಿಸಿದವರು ನನಗೆ ಪರಿಚಯ ಇಲ್ಲ.

ಎಂ.ಆರ್ಕ್ ಮತ್ತು ಪಿ.ಎಚ್.ಡಿ. ನಡುವೆ ಎರಡು ಮೂರು ವರ್ಷವಾದರೂ ಆಫೀಸಿನಲ್ಲಿ ಕೆಲಸ ಮಾಡಿ. ಇದು ನನ್ನ ಸ್ವಂತ ಅಭಿಪ್ರಾಯ, ಒಪ್ಪದವರು ಇದ್ದಾರೆ. ನಾನು ಮಾಡಿರಲಿಲ್ಲ, ಅದಕ್ಕೆ ಬೆಲೆ ಕೊಟ್ಟೆ.

ಪಾಠ ಶುರು ಮಾಡಿದ ಎರಡನೇ ವರ್ಷ, ಸ್ಟುಡಿಯೋದ (ಡಿಸೈನ್ ಮಾಡಿ ಕಲಿಯುವ ತರಗತಿ) ಮಕ್ಕಳನ್ನು ಕರೆದುಕೊಂಡು ಒಂದು ಹಳೇ ಪೇಟೆಗೆ ಹೋದೆ. ಮೂರು ದಿನ ಅಳತೆ ಮಾಡಿದೆವು. ಬಟರ್ ಶೀಟಿನ ಮೇಲೆ ಚಂದದ ಡ್ರಾಯಿಂಗ್ ಬಂತು: ಅಗಲವಾದ ಫುಟ್‌ಪಾತ್, ಕಲ್ಲು ಬೆಂಚು, ಸಾಲು ಹೊಂಗೆ ಮರ. ಡ್ರಾಯಿಂಗ್ ನೋಡಿ ಅಂಕ ಕೊಡುವ ಜ್ಯೂರಿಯಲ್ಲಿ ಎಲ್ಲರೂ ಹೊಗಳಿದರು. ನನಗೆ ಕೊಂಬು ಬಂದವು. ಶೀಟುಗಳನ್ನು ಅದೇ ಪೇಟೆಗೆ ಒಯ್ದು ಒಂದು ಅಂಗಡಿ ಕಟ್ಟೆ ಮೇಲೆ ಹರಡಿದೆವು. ಒಬ್ಬ ವಯಸ್ಸಾದ ಹಮಾಲರು ಬಂದು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಚೆನ್ನಾಗೈತಿ ಸಾರ್. ಲಾರಿ ಎಲ್ಲಿ ನಿಲ್ಲಸೂದು?"

ನಾವು ಅಳತೆ ಮಾಡಿದ್ದು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಆ ಪೇಟೆಗೆ ಲಾರಿ ಬರುತ್ತಿದ್ದದ್ದು ಬೆಳಗಿನ ಜಾವ. ಮೂಟೆ ಇಳಿಸಿ, ಏಳು ಗಂಟೆಗೆಲ್ಲ ಖಾಲಿ. ನಮ್ಮ ಬೆಂಚುಗಳು ಸರಿಯಾಗಿ ಲಾರಿ ನಿಲ್ಲುವ ಜಾಗದಲ್ಲಿದ್ದವು. ಅವತ್ತಿನಿಂದ ನನ್ನ ಸ್ಟುಡಿಯೋದಲ್ಲಿ ಒಂದು ನಿಯಮ ಇದೆ. ಯಾವ ಬೀದಿ ಆದರೂ ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ, ಜಾತ್ರೆ ಅಥವಾ ಹಬ್ಬದ ದಿನ ಒಮ್ಮೆ ನೋಡಬೇಕು. ದುಗ್ಗಮ್ಮನ ಜಾತ್ರೆ ಸಮಯದಲ್ಲಿ ನಿಮ್ಮೂರಿನ ಹಳೇ ಭಾಗ ನೋಡಿದ್ದೀರಲ್ಲ? ಬೇರೆ ದಿನ ಬರೀ ರಸ್ತೆ ಆಗಿದ್ದದ್ದು ಅವತ್ತು ಏನೇನಾಗುತ್ತದೆ! ಅದನ್ನು ನೋಡದೆ ಆ ಜಾಗಕ್ಕೆ ಡ್ರಾಯಿಂಗ್ ಬರೆಯುವವರು ನನ್ನ ಹಾಗೇ ಬೆಂಚು ಹಾಕುತ್ತಾರೆ.

ಸ್ಟುಡಿಯೋ ಮೇಷ್ಟ್ರ ದಿನಚರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳ ಶೀಟು ನೋಡುವುದು, ಬೈಯುವುದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದಾಗ ಫೈಲು ಮಾಡುವುದು. ಫೈಲು ಕೆಲಸ ಯಾವ ಕಾಲೇಜಿನಲ್ಲೂ ತಪ್ಪಿದ್ದಲ್ಲ.

ನಿಮ್ಮ ಪ್ರಶ್ನೆ ಏನಿರಬಹುದು ಅಂತ ನಾನು ಹೇಳಲಾರೆ. ನನ್ನದು ಹೇಗೆ ಸಿಕ್ಕಿತು ಅಂತ ಹೇಳಬಲ್ಲೆ. ನಾನು ಹುಟ್ಟಿದ್ದು ಚಿತ್ರದುರ್ಗದಲ್ಲಿ. ಏಳು ಸುತ್ತಿನ ಕೋಟೆ ಅಂದರೆ ನಮಗೆ ಮದಕರಿ ನಾಯಕ, ಹೈದರಾಲಿ, ಓಬವ್ವ. ಶಾಲೆಯಿಂದ ಕರೆದೊಯ್ದಾಗ ಹೇಳಿದ್ದೂ ಅದನ್ನೇ. ಎಂ.ಆರ್ಕ್ ಮಾಡುವಾಗ ಒಂದು ಮಳೆಗಾಲ ಊರಿಗೆ ಬಂದಿದ್ದೆ. ಮಳೆ ನಿಂತ ಮೇಲೆ ಸುಮ್ನೆ ಕೋಟೆ ಹತ್ತಿದೆ. ಬಂಡೆ ಮೇಲಿಂದ ನೀರು ಇಳಿದು ಗೋಪಾಲಸ್ವಾಮಿ ಹೊಂಡದ ಕಡೆ ಹೋಗುತ್ತಿತ್ತು. ಅದು ತುಂಬಿದರೆ ಎಲ್ಲಿಗೆ? ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ? ಕೆಳಗೆ, ಊರಿನ ಕಡೆ. ಸಿಹಿನೀರು ಹೊಂಡ, ಸಂತೆ ಹೊಂಡ. ಹುಟ್ಟಿದಾಗಿನಿಂದ ಸಂತೆ ಹೊಂಡದ ಪಕ್ಕ ಓಡಾಡಿದವನು ನಾನು. ಅದು ಬೆಟ್ಟದ ಮೇಲಿನ ಮಳೆಯ ಕೊನೇ ಮೆಟ್ಟಿಲುಗಳಲ್ಲಿ ಒಂದು ಅಂತ ಅವತ್ತೇ ತಿಳಿದದ್ದು. ಹೆಸರು ನೋಡಿ, ಸಂತೆಯೂ ಹೊಂಡವೂ ಒಂದೇ ಪದದಲ್ಲಿವೆ. ಜನ ಸೇರುವ ಜಾಗವನ್ನೂ ನೀರು ಸೇರುವ ಜಾಗವನ್ನೂ ಒಟ್ಟಿಗೆ ಇಟ್ಟುಕೊಂಡ ಊರು ಅದು. ಈಗಿನ ಬಡಾವಣೆ ನಕ್ಷೆಯಲ್ಲಿ ನೀರಿನ ದಾರಿ ಅಂದರೆ ರಾಜಕಾಲುವೆ ಅಂತ ಒಂದು ಗೆರೆ, ಪಾರ್ಕ್ ಅಂದರೆ ಮೂಲೆಯಲ್ಲಿ ಉಳಿದ ತ್ರಿಕೋನ.

ಅಲ್ಲಿಂದ ಶುರುವಾದ ಪ್ರಶ್ನೆ ಇನ್ನೂ ಮುಗಿದಿಲ್ಲ: ನಮ್ಮ ಒಣ ಸೀಮೆಯ ಊರುಗಳಲ್ಲಿ ಬೀದಿ ಎಲ್ಲಿ ಓಡುತ್ತದೆ ಅನ್ನುವುದನ್ನು ನೀರು ಎಷ್ಟು ತೀರ್ಮಾನ ಮಾಡಿದೆ? ನನ್ನ ಪಿ.ಎಚ್.ಡಿ., ಪಾಠ, ಬರೆದದ್ದು ಎಲ್ಲ ಅದರ ಸುತ್ತವೇ. ಈ ಪ್ರಶ್ನೆಯನ್ನು ಹಂಚಿಕೊಂಡ ಮೇಲೆ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕೆರೆ ಹಿಡಿದುಕೊಂಡು ಬರುತ್ತಾರೆ. ನನಗೆ ಗೊತ್ತಿಲ್ಲದ್ದನ್ನು ಅವರು ಹೇಳುತ್ತಾರೆ. ಸಂಬಳ ತಡವಾದ ತಿಂಗಳಲ್ಲೂ ನಾನು ಈ ಕೆಲಸ ಬಿಡದೇ ಇದ್ದದ್ದಕ್ಕೆ ಕಾರಣ ಅದು.

ಇನ್ನು ನೀವು ಈ ರಜೆಯಲ್ಲಿ ಮಾಡಬೇಕಾದ ಕೆಲಸ. 1748ರಲ್ಲಿ ಜಾಂಬಟಿಸ್ಟ ನೊಲ್ಲಿ ಅನ್ನುವವರು ರೋಮ್ ನಗರದ ಒಂದು ನಕ್ಷೆ ಮಾಡಿದರು. ಕಟ್ಟಡಗಳಿಗೆ ಕಪ್ಪು, ಜನ ಓಡಾಡುವ ಜಾಗಕ್ಕೆ ಬಿಳಿ. ವಿಶೇಷ ಏನೆಂದರೆ ಚರ್ಚಿನ ಒಳಗಡೆಯನ್ನೂ ಬಿಳಿ ಬಿಟ್ಟರು, ಯಾಕೆಂದರೆ ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಿತ್ತು. ನೀವು ಮಂಡಿಪೇಟೆಯಲ್ಲೋ ಚೌಕಿಪೇಟೆಯಲ್ಲೋ ಇನ್ನೂರು ಮೀಟರ್ ಬೀದಿ ಆರಿಸಿಕೊಳ್ಳಿ. ಅದೇ ಥರ ಕಪ್ಪು ಬಿಳಿ ನಕ್ಷೆ ಮಾಡಿ. ದೇವಸ್ಥಾನದ ಒಳಗೆ ಬಿಳಿಯೋ ಕಪ್ಪೋ? ಯಾರಿಗೆ ಬಿಳಿ? ಅಂಗಡಿ ಜಗಲಿ ಹಗಲು ಬಿಳಿ, ಬಾಗಿಲು ಹಾಕಿದ ಮೇಲೆ ಏನು? ಹೋಟೆಲಿನೊಳಗೆ? ಹೆಂಗಸರು ರಾತ್ರಿ ಒಂಬತ್ತರ ಮೇಲೆ ನಿಲ್ಲಲಾರದ ಮೂಲೆಗೆ ಯಾವ ಬಣ್ಣ? ಬಣ್ಣ ಹಾಕಲು ಕೈ ತಡೆದ ಜಾಗಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಎಂ.ಆರ್ಕ್ ಪೋರ್ಟ್‌ಫೋಲಿಯೋಗೆ ನಿಮ್ಮ ಮೂರು ಡಿ ರೆಂಡರ್‌ಗಳಿಗಿಂತ ಈ ಹಾಳೆ ಕೆಲಸಕ್ಕೆ ಬರುತ್ತದೆ. ಸಂದರ್ಶನಕ್ಕೆ ಕೂತ ಮೇಷ್ಟ್ರುಗಳಲ್ಲಿ ನಾನೂ ಒಬ್ಬನಾಗಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಗೂಗಲ್ ನಕ್ಷೆಯಿಂದ ಬೇಸ್ ಮ್ಯಾಪ್ ತೆಗೆದುಕೊಳ್ಳಿ, ಆದರೆ ನಂಬಬೇಡಿ. ಜಗಲಿ, ಮೆಟ್ಟಿಲು, ಚಾಚಿಕೊಂಡ ತಗಡಿನ ಶೀಟು ಅದರಲ್ಲಿ ಬರುವುದಿಲ್ಲ. ಕೈಯಲ್ಲೇ ಅಳೆಯಬೇಕು. ಅಪ್ಪನ ಹತ್ತಿರ ಮೂವತ್ತು ಮೀಟರಿನ ಟೇಪು ಇದ್ದೇ ಇರುತ್ತದೆ, ಕೇಳಿ ತಗೊಳ್ಳಿ. ರಸ್ತೆಯ ಲೆವೆಲ್, ಚರಂಡಿಯ ಇಳಿಜಾರು ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ನಿಮಗೂ ನನಗೂ ಉಪಕರಣ ಬೇಕು. ಭಾನುವಾರ ಬೆಳಗ್ಗೆ ಆರಕ್ಕೆ ಅವರನ್ನೂ ಕರೆದುಕೊಂಡು ಹೋಗಿ. ಹೇಗಿದ್ದರೂ ಟೇಪಿನ ಆ ತುದಿ ಹಿಡಿಯೋಕೆ ಒಬ್ಬರು ಬೇಕು.